ಗಗನಗಾಮಿನಿ ಅಮೇಲಿಯಾ ಇಯರ್‌ಹಾರ್ಟ್

ಸಮುದ್ರವನ್ನು ನಮ್ಮ ಪೂರ್ವಿಕರು ರತ್ನಾಕರವೆಂದು ಕರೆದರು. ರತ್ನಗಳ ಜೊತೆಗೆ ರಹಸ್ಯಗಳನ್ನೂ ಅದು ತನ್ನ ಒಡಲಿನಲ್ಲಿ ಹುದುಗಿಸಿಕೊಂಡಿದೆ. ಹೋದ ಹಡಗು ದಡ ಸೇರದಿದ್ದರೆ, ಹಾರಿದ ವಿಮಾನ ನೆಲ ಮುಟ್ಟದಿದ್ದರೆ, ಜನರ ನಾಲಗೆಯ ಮೇಲೆ ಕಥೆಯೊಂದು ಹುಟ್ಟುತ್ತದೆ. ಅದು ದಿನದಿನಕ್ಕೆ ಬೆಳೆದು ಸತ್ಯವನ್ನೇ ಮರೆಮಾಡುತ್ತದೆ. 1872ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ನರಪಿಳ್ಳೆಯೂ ಇಲ್ಲದೆ ತೇಲುತ್ತಿದ್ದ ಮೇರಿ ಸೆಲೆಸ್ಟ್ ಎಂಬ ಹಡಗಿನ ವಿಷಯವಾಗಿ, 1945ರ ಡಿಸೆಂಬರ್ 5ರಂದು ಫ್ಲಾರಿಡಾ ತೀರದಿಂದ ಹೊರಟು 14 ಮಂದಿಯೊಡನೆ ಕಾಣದಾದ ಐದು ಯುದ್ಧವಿಮಾನಗಳ ವಿಷಯವಾಗಿ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಇಂಥ ಕಥೆಗಳ ಮಂಜಿನಲ್ಲಿ ಮರೆಯಾದ ಒಂದು ಉಜ್ಜ್ವಲ ಬಾಳು ಅಮೇಲಿಯಾ ಇಯರ್‌ಹಾರ್ಟಳದು. ಆಕೆ ಹೇಗೆ ಕಣ್ಮರೆಯಾದಳೆಂದು ಕೇಳುವವರು ಬಹುಮಂದಿ. ಹೇಗೆ ಬಾಳಿದಳೆಂದು ಕೇಳುವವರು ಕೆಲವರೇ.

ಅಮೇಲಿಯಾ ಹುಟ್ಟಿದ್ದು 1897ರ ಜುಲೈ 24ರಂದು, ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ಅಚಿಸನ್ ಎಂಬ ಊರಿನಲ್ಲಿ, ನ್ಯಾಯಾಧೀಶನಾಗಿದ್ದ ತಾಯಿಯ ತಂದೆಯ ಮನೆಯಲ್ಲಿ. ಬಾಲ್ಯದ ಬಹುಭಾಗವನ್ನು ಆಕೆ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಕಳೆದಳು. ಮರ ಹತ್ತುವುದು, ಹಿಮದ ಇಳಿಜಾರಿನಲ್ಲಿ ಜಾರುವುದು ಆಕೆಗೆ ಪ್ರಿಯವಾಗಿದ್ದವು. ಒಮ್ಮೆ ಮನೆಯ ಹಿತ್ತಿಲಿನ ಕೊಟ್ಟಿಗೆಯ ಮಾಡಿನಿಂದ ನೆಲದವರೆಗೆ ಹಲಗೆಗಳ ಹಾದಿಯನ್ನು ಕಟ್ಟಿ, ಮರದ ಪೆಟ್ಟಿಗೆಯಲ್ಲಿ ಕುಳಿತು ಜಾರಿ ಬಿದ್ದು ಗಾಯಮಾಡಿಕೊಂಡಳು. ಆದರೂ ಹಾರಿದ ಆನಂದದಲ್ಲಿ ನೋವನ್ನು ಮರೆತಳು.

ಆಕೆಯ ತಂದೆ ಎಡ್ವಿನ್ ರೈಲ್ವೆ ಸಂಸ್ಥೆಯಲ್ಲಿ ಕಾನೂನಿನ ಕೆಲಸ ಮಾಡುತ್ತಿದ್ದನು. ಒಳ್ಳೆಯ ಮನಸ್ಸಿನವನಾದರೂ ಪಾನವ್ಯಸನಕ್ಕೆ ವಶನಾಗಿ ಕೆಲಸವನ್ನು ಕಳೆದುಕೊಂಡನು. ಸಂಸಾರವು ಊರಿಂದೂರಿಗೆ ಅಲೆಯಿತು. ಮಕ್ಕಳು ಶಾಲೆಯಿಂದ ಶಾಲೆಗೆ ಬದಲಾದರು. ಈ ಅಲೆದಾಟದಲ್ಲಿಯೂ ಅಮೇಲಿಯಾ ಕಲಿಕೆಯ ಹಂಬಲವನ್ನು ಬಿಡಲಿಲ್ಲ. ಷಿಕಾಗೊ ನಗರಕ್ಕೆ ಬಂದಾಗ ಮನೆಯ ಹತ್ತಿರದ ಶಾಲೆಯ ರಸಾಯನಶಾಸ್ತ್ರದ ಪ್ರಯೋಗಶಾಲೆ ಸಮರ್ಪಕವಾಗಿಲ್ಲವೆಂದು ಕಂಡು, ಹೈಡ್ ಪಾರ್ಕ್ ಪ್ರೌಢಶಾಲೆಯನ್ನು ಹುಡುಕಿ ಸೇರಿ 1916ರಲ್ಲಿ ತೇರ್ಗಡೆಯಾದಳು. ಗಂಡಸರಿಗೆ ಮೀಸಲೆಂದು ತಿಳಿದಿದ್ದ ವೃತ್ತಿಗಳಲ್ಲಿ ಹೆಸರು ಪಡೆದ ಸ್ತ್ರೀಯರ ವಾರ್ತೆಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಒಂದು ಪುಸ್ತಕದಲ್ಲಿ ಅಂಟಿಸಿಡುವುದು ಆಕೆಯ ಅಭ್ಯಾಸವಾಗಿತ್ತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಗಾಯಗೊಂಡ ಸೈನಿಕರನ್ನು ಕಂಡು ಆಕೆಯ ಮನ ಕರಗಿತು. ಓದನ್ನು ನಿಲ್ಲಿಸಿ ಸ್ಪಡೈನಾ ಸೈನಿಕ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಳಾಗಿ ಸೇರಿದಳು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಾ ತಾನೂ ಕಾಯಿಲೆ ಬಿದ್ದಳು. ಆಗ ತಗುಲಿದ ಮೂಗಿನ ಬೇನೆ ಆಕೆಯನ್ನು ಬಹುಕಾಲ ಕಾಡಿತು. ಆ ನಗರದಲ್ಲಿಯೇ ವಿಮಾನಗಳ ಹಾರಾಟವನ್ನು ಹತ್ತಿರದಿಂದ ನೋಡಿ ಆಕೆ ಮರುಳಾದಳು. 1920ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹತ್ತು ಡಾಲರುಗಳನ್ನು ತೆತ್ತು ಹತ್ತು ನಿಮಿಷಗಳ ಕಾಲ ಆಕಾಶದಲ್ಲಿ ವಿಹರಿಸಿದಾಗ, ತನ್ನ ಬಾಳಿನ ದಾರಿ ಯಾವುದೆಂಬುದು ಆಕೆಗೆ ನಿಶ್ಚಯವಾಯಿತು.

ವಿಮಾನವಿದ್ಯೆ ಬಡವರ ಕೈಗೆ ಎಟುಕುವ ವಿದ್ಯೆಯಾಗಿರಲಿಲ್ಲ. ಅಮೇಲಿಯಾ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದಳು, ಛಾಯಾಚಿತ್ರಗಳನ್ನು ತೆಗೆದಳು, ಲಾರಿಯನ್ನೂ ಓಡಿಸಿದಳು. ಹೀಗೆ ಗಳಿಸಿದ ಹಣದಿಂದ 1921ರಲ್ಲಿ ನೇಟಾ ಸ್ನೂಕ್ ಎಂಬ ಮಹಿಳಾ ವೈಮಾನಿಕಳ ಬಳಿ ಶಿಷ್ಯವೃತ್ತಿಯನ್ನು ಕೈಕೊಂಡು, ಅದೇ ವರ್ಷ ಹಳದಿ ಬಣ್ಣದ ಪುಟ್ಟ ವಿಮಾನವೊಂದನ್ನು ಕೊಂಡಳು. ಮರುವರ್ಷ 14,000 ಅಡಿಗಳ ಎತ್ತರಕ್ಕೆ ಏರಿ ಮಹಿಳೆಯರಲ್ಲಿ ದಾಖಲೆಯನ್ನು ಸ್ಥಾಪಿಸಿದಳು. ಆದರೆ ಮನೆಯ ಆರ್ಥಿಕ ಸ್ಥಿತಿ ಕೆಟ್ಟಾಗ ಆ ವಿಮಾನವನ್ನು ಮಾರಬೇಕಾಯಿತು. ಮುಂದೆ ಬಾಸ್ಟನ್ ನಗರದ ಡೆನಿಸನ್ ಹೌಸ್ ಎಂಬ ಸೇವಾಸಂಸ್ಥೆಯಲ್ಲಿ, ಪರದೇಶಗಳಿಂದ ಬಂದು ನೆಲಸಿದ ಬಡ ಕುಟುಂಬಗಳ ಮಕ್ಕಳ ಸೇವೆಯಲ್ಲಿ ಆಕೆ ನಿರತಳಾದಳು.

ಕೀರ್ತಿ ಆಕೆಯನ್ನು ಅರಸಿಕೊಂಡು ಬಂದದ್ದು ಅಲ್ಲಿಗೇ. 1928ರ ಜೂನ್ 17ರಂದು ನ್ಯೂಫೌಂಡ್‌ಲೆಂಡಿನಿಂದ ಹೊರಟ ಫ್ರೆಂಡ್‌ಷಿಪ್ ಎಂಬ ವಿಮಾನದಲ್ಲಿ ಅಮೇಲಿಯಾ 20 ಗಂಟೆ 40 ನಿಮಿಷಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ವೇಲ್ಸ್ ತೀರವನ್ನು ಸೇರಿದಳು. ಹಾಗೆ ವಿಮಾನದಲ್ಲಿ ದಾಟಿದ ಮೊದಲ ಮಹಿಳೆ ಆಕೆ. ಜಗತ್ತು ಹೊಗಳಿತು, ಆದರೆ ವಿಮಾನವನ್ನು ನಡೆಸಿದವರು ಸ್ಟಲ್ಟ್ಸ್ ಮತ್ತು ಗಾರ್ಡನ್ ಎಂಬಿಬ್ಬರೇ ಹೊರತು ತಾನಲ್ಲ, ತಾನು ಕೇವಲ ಹೊರೆಯಾಗಿದ್ದೆನೆಂದು ಆಕೆ ಎಲ್ಲೆಡೆಯೂ ಸಾರಿದಳು. ತನ್ನದಲ್ಲದ ಕೀರ್ತಿಯನ್ನು ಒಲ್ಲೆನೆನ್ನುವ ಈ ಗುಣವು ಅಪರೂಪವಾದುದು.

ಅದನ್ನು ತನ್ನದಾಗಿಸಿಕೊಳ್ಳಲು ಆಕೆಗೆ ನಾಲ್ಕು ವರ್ಷಗಳು ಹಿಡಿದವು. ಅಷ್ಟರೊಳಗೆ, 1931ರಲ್ಲಿ, ಪ್ರಕಾಶಕನಾದ ಜಾರ್ಜ್ ಪಟ್ನಮ್‌ನೊಡನೆ ಆಕೆಯ ವಿವಾಹವಾಗಿದ್ದಿತು. 1932ರ ಮೇ 20ರಂದು ಅಮೇಲಿಯಾ ಒಬ್ಬಳೇ ವಿಮಾನವನ್ನೇರಿ ಅದೇ ಸಾಗರದ ಮೇಲೆ ಹೊರಟಳು. ಎತ್ತರವನ್ನು ತೋರುವ ಯಂತ್ರ ಕೆಟ್ಟಿತು. ರೆಕ್ಕೆಗಳ ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿತು. ಎಂಜಿನ್ನಿನ ಹೊಗೆಕೊಳವೆಯ ಬಿರುಕಿನಿಂದ ಉರಿ ಹೊರಚಾಚಿತು. ಸುಮಾರು 15 ಗಂಟೆಗಳ ಕಾಲ ಮೃತ್ಯುವಿನೊಡನೆ ಸೆಣಸಿ ಉತ್ತರ ಐರ್ಲೆಂಡಿನ ಹುಲ್ಲುಗಾವಲೊಂದರಲ್ಲಿ ಇಳಿದಾಗ, ಅಟ್ಲಾಂಟಿಕನ್ನು ಏಕಾಂಗಿಯಾಗಿ ಹಾರಿದ ಪ್ರಥಮ ಮಹಿಳೆಯೆಂಬ ಹೆಸರು ನ್ಯಾಯವಾಗಿ ಆಕೆಯದಾಯಿತು. 1935ರ ಜನವರಿಯಲ್ಲಿ ಹವಾಯಿ ದ್ವೀಪದಿಂದ ಕ್ಯಾಲಿಫೋರ್ನಿಯಾದವರೆಗೆ ಒಬ್ಬಳೇ ಹಾರಿದಳು. ಅದುವರೆಗೆ ಗಂಡಸರಾಗಲಿ ಹೆಂಗಸರಾಗಲಿ ಯಾರೂ ಅದನ್ನು ಸಾಧಿಸಿರಲಿಲ್ಲ.

ತಾನು ಏರಿದ ಏಣಿಯನ್ನು ಇತರರಿಗೆ ಬಿಟ್ಟುಕೊಡದವಳಲ್ಲ ಆಕೆ. 1929ರಲ್ಲಿ 99 ಮಂದಿ ವೈಮಾನಿಕ ಮಹಿಳೆಯರು ಕೂಡಿ ಕಟ್ಟಿದ ನೈಂಟಿ ನೈನ್ಸ್ ಸಂಘಕ್ಕೆ ಆಕೆಯೇ ಮೊದಲ ಅಧ್ಯಕ್ಷಿಣಿಯಾದಳು. 1935ರಿಂದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರಿಗೆ ವೃತ್ತಿಮಾರ್ಗದರ್ಶಕಿಯಾಗಿದ್ದು, ಹೆಣ್ಣುಮಕ್ಕಳು ಎಂಜಿನಿಯರಿಂಗ್ ಮೊದಲಾದ ವಿದ್ಯೆಗಳನ್ನು ಅಂಜದೆ ಕಲಿಯಬೇಕೆಂದು ಹುರಿದುಂಬಿಸಿದಳು. ಆ ವಿಶ್ವವಿದ್ಯಾಲಯದ ನೆರವಿನಿಂದಲೇ ಎರಡು ಎಂಜಿನ್ನುಗಳ ಎಲೆಕ್ಟ್ರಾ ವಿಮಾನ ಆಕೆಗೆ ದೊರೆಯಿತು.

ಭೂಮಧ್ಯರೇಖೆಯ ಬಳಿಯ ದೀರ್ಘಮಾರ್ಗದಲ್ಲಿ ಭೂಪ್ರದಕ್ಷಿಣೆ ಮಾಡಬೇಕೆಂಬುದು ಆಕೆಯ ಮಹದಾಸೆಯಾಗಿತ್ತು. 1937ರ ಮಾರ್ಚಿನಲ್ಲಿ ಕೈಗೊಂಡ ಮೊದಲ ಯತ್ನವು ಹವಾಯಿಯಲ್ಲಿ ವಿಮಾನವು ನೆಲದ ಮೇಲೆಯೇ ಜಖಂಗೊಂಡು ಮುರಿದುಬಿದ್ದಿತು. ಅದನ್ನು ರಿಪೇರಿ ಮಾಡಿಸಿ, ಜೂನ್ 1ರಂದು ಮಯಾಮಿಯಿಂದ ಪೂರ್ವದಿಕ್ಕಿಗೆ ಮತ್ತೆ ಹೊರಟಳು. ಜೊತೆಯಲ್ಲಿದ್ದವನು ಫ್ರೆಡ್ ನೂನನ್. ಹಡಗುಗಳಲ್ಲಿಯೂ ಪ್ಯಾನ್ ಅಮೆರಿಕನ್ ಸಂಸ್ಥೆಯ ವಿಮಾನಗಳಲ್ಲಿಯೂ ದುಡಿದು, ನಕ್ಷತ್ರಗಳನ್ನು ನೋಡಿ ದಾರಿ ಹೇಳುವುದರಲ್ಲಿ ನಿಷ್ಣಾತನಾದವನು. ದಕ್ಷಿಣ ಅಮೆರಿಕ, ಆಫ್ರಿಕಾ ಖಂಡಗಳನ್ನು ದಾಟಿ, ಕೆಂಪುಸಮುದ್ರದ ತೀರದಿಂದ ಎಡೆಬಿಡದೆ ಹಾರಿ ಅವರು ಅಂದಿನ ಅವಿಭಕ್ತ ಭಾರತದ ಕರಾಚಿಯನ್ನು ಸೇರಿದರು. ಅಲ್ಲಿ ಅಮೇಲಿಯಾ ಒಂಟೆಯ ಸವಾರಿಯ ಸೊಗಸನ್ನೂ ಅನುಭವಿಸಿದಳು. ಜೂನ್ 17ರಂದು ಕಲ್ಕತ್ತೆಯ ಡಮ್‌ಡಮ್ ನಿಲ್ದಾಣದಲ್ಲಿ ಇಳಿದು, ಮರುದಿನ ಮಳೆಯಿಂದ ಕೆಸರಾದ ನೆಲದಿಂದ ಬಹು ಪ್ರಯಾಸದಿಂದ ಮೇಲೆದ್ದರು. ಬರ್ಮಾದ ಅಕ್ಯಾಬಿನಾಚೆ ಮುಂಗಾರಿನ ಬಿರುಮಳೆ ರೆಕ್ಕೆಗಳ ಬಣ್ಣವನ್ನೇ ಸುಲಿದುಹಾಕಿ ಅವರನ್ನು ಹಿಂದಿರುಗಿಸಿತು. ಕಡೆಗೆ ರಂಗೂನು, ಸಿಂಗಪುರ, ಜಾವಾ, ಆಸ್ಟ್ರೇಲಿಯಗಳ ಮೂಲಕ ಜೂನ್ 29ರಂದು ನ್ಯೂಗಿನಿಯ ಲೇ ಎಂಬ ಊರನ್ನು ಮುಟ್ಟಿದಾಗ 22,000 ಮೈಲಿಗಳು ಹಿಂದೆ ಸರಿದಿದ್ದವು, ಉಳಿದಿದ್ದುದು 7,000.

ಮುಂದಿನ ತಂಗುದಾಣ ಹೌಲೆಂಡ್ ದ್ವೀಪ. ಲೇ ಊರಿಗೂ ಅದಕ್ಕೂ ನಡುವೆ ಸುಮಾರು 4,100 ಕಿಲೋಮೀಟರುಗಳ ಕಡಲು. ದ್ವೀಪದ ಉದ್ದ ಸುಮಾರು ಎರಡು ಕಿಲೋಮೀಟರು, ಅಗಲ ಒಂದಕ್ಕೂ ಕಡಿಮೆ; ನೀರಿನಿಂದ ಅದರ ಎತ್ತರ ಕೆಲವೇ ಮೀಟರುಗಳು. ಅಂದಿನ ಭೂಪಟಗಳಲ್ಲಿ ಅದರ ಸ್ಥಾನವೂ ಕೆಲವು ಮೈಲಿಗಳಷ್ಟು ತಪ್ಪಾಗಿ ಗುರುತಾಗಿದ್ದಿತು. ಜುಲೈ 2ರ ಬೆಳಗ್ಗೆ ಎಲೆಕ್ಟ್ರಾ ಮೇಲೆದ್ದಿತು. ದ್ವೀಪದ ಬಳಿ ಇಟಾಸ್ಕಾ ಎಂಬ ರಕ್ಷಣಾನೌಕೆ ಕಾದು ನಿಂತು ಗುರುತಿಗೆಂದು ಹೊಗೆಯನ್ನು ಉಗುಳುತ್ತಿದ್ದಿತು. ಸುಮಾರು ಹತ್ತೊಂಬತ್ತು ಗಂಟೆಗಳ ಹಾರಾಟದ ಅನಂತರ ಆಕೆಯ ಧ್ವನಿ ನೌಕೆಗೆ ಸ್ಪಷ್ಟವಾಗಿ ಕೇಳಿತು: ತಾವು ನೌಕೆಯ ಸಮೀಪದಲ್ಲಿಯೇ ಇರಬೇಕು, ಆದರೆ ಅದು ಕಾಣಿಸದು, ಇಂಧನ ಮುಗಿಯುತ್ತ ಬಂದಿದೆ ಎಂಬುದು ಆ ಸುದ್ದಿಯ ಸಾರ. ನೌಕೆಯವರ ಮಾತು ಮಾತ್ರ ಆಕೆಯ ಕಿವಿಗೆ ಬೀಳಲಿಲ್ಲ. ನೌಕೆ ಕಳುಹಿಸಿದ ರೇಡಿಯೋ ಸಂಕೇತ ಒಮ್ಮೆ ಕೇಳಿಸಿತಾದರೂ, ಅದು ಯಾವ ದಿಕ್ಕಿನಿಂದ ಬಂದುದೆಂದು ಆಕೆಗೆ ತಿಳಿಯದೆ ಹೋಯಿತು. ಸುಮಾರು ಒಂದು ಗಂಟೆಯ ತರುವಾಯ, ಒಂದು ರೇಖೆಯ ಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ಹಾರುತ್ತಿರುವುದಾಗಿ ತಿಳಿಸಿದುದೇ ಕಡೆಯ ಮಾತು. ಅಮೆರಿಕದ ನೌಕಾಪಡೆ ಯುದ್ಧನೌಕೆಗಳನ್ನೂ ವಿಮಾನಗಳನ್ನೂ ಕಳುಹಿಸಿ 2,50,000 ಚದರ ಮೈಲಿಗಳ ಕಡಲನ್ನು ಜಾಲಾಡಿ, ಜುಲೈ 19ರಂದು ನಿರಾಶೆಯಿಂದ ಕೈಬಿಟ್ಟಿತು. 1939ರ ಜನವರಿಯಲ್ಲಿ ನ್ಯಾಯಾಲಯವು ಆಕೆಯನ್ನು ಮೃತಳೆಂದು ಸಾರಿತು.

ಬದುಕು ಮುಗಿದಲ್ಲಿ ಕಥೆಗಳು ಆರಂಭವಾದವು. ಆಕೆ ಜಪಾನೀಯರ ದ್ವೀಪಗಳ ಮೇಲೆ ಬೇಹುಗಾರಿಕೆಗೆ ಹೋಗಿದ್ದಳೆಂದು ಕೆಲವರು. ಸೈಪನ್ ದ್ವೀಪದಲ್ಲಿ ಸೆರೆಯಾಗಿ ಸತ್ತಳೆಂದು ಕೆಲವರು. ಹೆಸರು ಬದಲಿಸಿಕೊಂಡು ಅಮೆರಿಕದಲ್ಲಿಯೇ ಬಾಳುತ್ತಿದ್ದಳೆಂದು ಮತ್ತೆ ಕೆಲವರು. ಈ ಕಡೆಯ ಕಥೆಯನ್ನು 1970ರಲ್ಲಿ ಒಂದು ಪುಸ್ತಕವೇ ಸಾರಿದಾಗ, ಯಾರನ್ನು ಕುರಿತು ಹಾಗೆ ಹೇಳಲಾಗಿತ್ತೋ ಆ ನಿರಪರಾಧಿ ಮಹಿಳೆ ನ್ಯಾಯಾಲಯದ ಮೊರೆಹೋಗಬೇಕಾಯಿತು. ಆಕೆ ಸೆರೆಸಿಕ್ಕುದಕ್ಕೆ ಸಾಕ್ಷಿಯೆಂದು 2017ರಲ್ಲಿ ಮೆರೆಸಿದ ಛಾಯಾಚಿತ್ರವೊಂದು 1935ರಷ್ಟು ಹಿಂದೆಯೇ ಅಚ್ಚಾಗಿದ್ದ ಪುಸ್ತಕದಲ್ಲಿ ಸಿಕ್ಕಿತು. 2024ರಲ್ಲಿ ಕಡಲ ತಳದ ವಿಮಾನವೆಂದು ಪ್ರಚಾರವಾದ ಆಕೃತಿ ಬರಿಯ ಬಂಡೆಯೆಂದು ತಿಳಿದುಬಂದಿತು. 1940ರಲ್ಲಿ ನಿಕುಮರೋರೊ ದ್ವೀಪದಲ್ಲಿ ದೊರೆತ ಮೂಳೆಗಳು ಆಕೆಯವೇ ಇರಬಹುದೆಂದು ವಾದಿಸುವ ಸಂಶೋಧಕರುಂಟು. ಆದರೆ ಆ ಮೂಳೆಗಳೇ ಕಳೆದುಹೋಗಿ ಅಳತೆಗಳು ಮಾತ್ರ ಉಳಿದಿರುವುದರಿಂದ ಆ ವಾದ ತೀರ್ಮಾನವಾಗಿಲ್ಲ.

ಮಾಯೆ ಮಂತ್ರಗಳನ್ನು ಬದಿಗಿಟ್ಟು ನೋಡಿದರೆ ದುರಂತದ ಕಾರಣ ಸರಳವೂ ಶೋಕಕರವೂ ಆಗಿದೆ. ಹುಡುಕಬೇಕಾದ ದ್ವೀಪ ಕಿರಿದು, ಕಡಲು ಹಿರಿದು, ಇಂಧನ ಮಿತ. ಆಕೆಗಾಗಲಿ ನೂನನ್‌ಗಾಗಲಿ ತಂತಿಸಂಕೇತದ ಭಾಷೆಯಲ್ಲಿ ಪರಿಣತಿಯಿರಲಿಲ್ಲ. ರೇಡಿಯೋ ಉಪಕರಣಗಳ ಅಭ್ಯಾಸವೂ ಸಾಲದಾಗಿತ್ತು. ಯಾವ ತರಂಗದಲ್ಲಿ ಮಾತನಾಡಬೇಕೆಂಬ ವಿಷಯದಲ್ಲಿ ನೌಕೆಗೂ ವಿಮಾನಕ್ಕೂ ಹೊಂದಿಕೆಯಾಗಲಿಲ್ಲ. ವಿಮಾನವು ಹೌಲೆಂಡಿನ ಸಮೀಪದಲ್ಲಿಯೇ ಕಡಲಿಗೆ ಬಿದ್ದು ಮುಳುಗಿತೆಂಬುದು ಬಹುಮಂದಿ ತಜ್ಞರ ಮತ. ಧೈರ್ಯ ಎಷ್ಟೇ ಹಿರಿದಾದರೂ ಸಿದ್ಧತೆಯ ಕೊರತೆಯನ್ನು ತುಂಬಲಾರದೆಂಬ ಕಠಿನ ಪಾಠವು ಇಲ್ಲಿದೆ. ಅದನ್ನು ಮರೆಮಾಡುವುದು ಆಕೆಗೆ ತೋರುವ ಗೌರವವಲ್ಲ.

ಕಟ್ಟುಕಥೆಗಳು ಮೂವರಿಗೆ ಅನ್ಯಾಯವೆಸಗಿವೆ. ಕೆಲವೇ ತಿಂಗಳುಗಳ ಹಿಂದೆ ಮದುವೆಯಾಗಿ, ಆಕೆಯೊಡನೆ ಪ್ರಾಣವನ್ನೊಪ್ಪಿಸಿದ ನೂನನ್‌ನ ಹೆಸರನ್ನು ಮರೆಸಿವೆ. ತನಗೆ ಸಲ್ಲದ ಕೀರ್ತಿಯನ್ನೇ ಒಲ್ಲೆನೆಂದವಳನ್ನು ಮೋಸಗಾರ್ತಿಯೆಂದು ಚಿತ್ರಿಸಿವೆ. ಕೇಳುವವನಿಗೆ ಪರೀಕ್ಷಿಸಿ ಅರಿಯುವ ಶ್ರಮವನ್ನು ತಪ್ಪಿಸಿ, ಬೆರಗಿನಲ್ಲಿಯೇ ನಿಲ್ಲಿಸಿವೆ. ಅಮೇಲಿಯಾಳ ನಿಜವಾದ ಸ್ಮಾರಕವು ಕಡಲ ತಳದಲ್ಲಿಲ್ಲ. ದುಡಿದು ಗಳಿಸಿದ ಹಣದಿಂದ ವಿದ್ಯೆ ಕಲಿತ ಆ ಕಾಯಕನಿಷ್ಠೆಯಲ್ಲಿದೆ. ಆಕೆಯ ತರುವಾಯ ವಿಮಾನವನ್ನೇರಿದ ಅಸಂಖ್ಯ ಹೆಣ್ಣುಮಕ್ಕಳಲ್ಲಿದೆ. ಆಕೆ ಮುಗಿಸಲಾಗದ ಭೂಪ್ರದಕ್ಷಿಣೆಯನ್ನು 1964ರಲ್ಲಿ ಅಮೆರಿಕದ ಜೆರ್ರಿ ಮಾಕ್ ಎಂಬ ಗೃಹಿಣಿ ಒಬ್ಬಳೇ ವಿಮಾನ ನಡೆಸಿ ಪೂರೈಸಿದಳು. ವಿದ್ಯಾರ್ಥಿಗಳು ಈ ಚರಿತ್ರೆಯಿಂದ ಆಕೆಯ ಧೈರ್ಯವನ್ನೂ ಪ್ರಾಮಾಣಿಕತೆಯನ್ನೂ ಕಲಿಯಲಿ. ಕೇಳಿದುದನ್ನೆಲ್ಲ ನಂಬದೆ ಒರೆಗೆ ಹಚ್ಚಿ ನೋಡುವ ವಿವೇಕವನ್ನೂ ಗಳಿಸಲಿ.