ಅಧಿಕಾರವನ್ನು ಹಳ್ಳಿಗೆ ಕೊಟ್ಟ ರಾಮಕೃಷ್ಣ ಹೆಗಡೆ

ನಳ್ಳಿಯಲ್ಲಿ ನೀರು ಬಾರದಿದ್ದರೆ, ದಾರಿದೀಪ ಕೆಟ್ಟರೆ ಇವತ್ತು ನಾವು ಪಂಚಾಯತ್ ಸದಸ್ಯರನ್ನು ಹುಡುಕಿಕೊಂಡು ಹೋಗ್ತೇವೆ. ಶಿರಸಿಯ ಇಸಳೂರಿನವರೂ ಹಾಗೇ, ನಮ್ಮ ಕರಾವಳಿಯವರೂ ಹಾಗೇ. ಹಳ್ಳಿಯವನ ಕೈಗೆ ಈ ಅಧಿಕಾರ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಶಿರಸಿ ಸೀಮೆಯ ಮಣ್ಣಿನಿಂದ ಬಂದ ಒಬ್ಬ ನಾಯಕರಿದ್ದಾರೆ. ಅವರೇ ರಾಮಕೃಷ್ಣ ಹೆಗಡೆಯವರು.

ಹೆಗಡೆಯವರು ಹುಟ್ಟಿದ್ದು 1926ರ ಆಗಸ್ಟ್ 29ರಂದು, ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ. ಅಡಿಕೆ ತೋಟಗಳ ನಡುವಿನ ಊರು ಅದು. ಅಲ್ಲಿಂದ ಕಾಶಿ ವಿದ್ಯಾಪೀಠಕ್ಕೆ ಹೋಗಿ ಓದಿದರು, ಲಖನೌದಲ್ಲಿ ಕಾನೂನು ಪದವಿ ಪಡೆದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಹದಿಹರೆಯದಲ್ಲೇ ಜೈಲು ಕಂಡರು. 1954ರಲ್ಲಿ ಉತ್ತರ ಕನ್ನಡ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರಾದರು, 1957ರಲ್ಲಿ ಶಾಸಕರಾಗಿ ಆಯ್ಕೆಯಾದರು. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಮಂತ್ರಿಯಾದರು. ಹಣಕಾಸು ಖಾತೆಯಂತೂ ಅವರಿಗೆ ಕರತಲಾಮಲಕ. ಒಟ್ಟು 13 ಬಜೆಟ್ ಮಂಡಿಸಿದ ಅವರ ದಾಖಲೆ ಬಹಳ ಕಾಲ ಹಾಗೇ ಉಳಿದಿತ್ತು.

1969ರಲ್ಲಿ ಕಾಂಗ್ರೆಸ್ ಒಡೆದಾಗ ಹೆಗಡೆ ಗೆಲ್ಲುವ ಕಡೆ ಹೋಗಲಿಲ್ಲ, ನಿಜಲಿಂಗಪ್ಪನವರ ಜೊತೆ ನಿಂತರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಜೈಲು. ಆಮೇಲೆ ಜನತಾ ಪಕ್ಷ ಸೇರಿದರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಆಗ ಅವರು ಶಾಸಕರೇ ಆಗಿರಲಿಲ್ಲ. ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಬಂದರು.

1984ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೇ 4. ಕುರ್ಚಿ ಬಿಡಿ ಅಂತ ಕಾನೂನು ಹೇಳಿರಲಿಲ್ಲ. ಆದರೂ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನ 224ರಲ್ಲಿ 139 ಸ್ಥಾನ ಕೊಟ್ಟು ವಾಪಸ್ ಕಳಿಸಿದರು.

ಅವರ ದೊಡ್ಡ ಕೆಲಸ ಪಂಚಾಯತ್ ರಾಜ್. ಇದರಲ್ಲಿ ಅವರ ಬಲಗೈ ಆಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದ ಮಂತ್ರಿ ಅವರೇ. 1983ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಸಿಗುವಾಗ 1985 ಆಗಿತ್ತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಂಡಲ ಪಂಚಾಯತ್, ಜಿಲ್ಲಾ ಪರಿಷತ್ತು ಬಂದವು. ಶೇ. 25 ಸ್ಥಾನ ಹೆಂಗಸರಿಗೆ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ದೊಡ್ಡ ಅಧಿಕಾರಿಗಳು ಅವರ ಕೈಕೆಳಗೆ ಬಂದರು. ತನ್ನ ಕೈಯಲ್ಲಿರುವ ಅಧಿಕಾರವನ್ನು ಇನ್ನೊಬ್ಬರಿಗೆ ಹಂಚುವ ರಾಜಕಾರಣಿ ಎಷ್ಟು ಮಂದಿ ಸಿಗ್ತಾರೆ? 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯತ್ ವ್ಯವಸ್ಥೆ ಇಡೀ ದೇಶಕ್ಕೆ ಬರುವಷ್ಟರಲ್ಲಿ ಕರ್ನಾಟಕ ಆ ದಾರಿಯಲ್ಲಿ ನಡೆದು ತೋರಿಸಿತ್ತು. ಭ್ರಷ್ಟಾಚಾರದ ವಿರುದ್ಧ ದೂರು ಕೊಡಲು ಲೋಕಾಯುಕ್ತ ಕಾಯ್ದೆ ಬಂದದ್ದೂ ಅವರ ಕಾಲದಲ್ಲೇ, 1984ರಲ್ಲಿ.

ಹಾಗಂತ ಅವರ ಬದುಕಿನಲ್ಲಿ ಕಲೆಯೇ ಇಲ್ಲ ಅನ್ನುವ ಹಾಗಿಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟ್ ಟೀಕಿಸಿದಾಗ 1986ರಲ್ಲಿ ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ವಾಪಸ್ ಪಡೆದರು. 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣ ಎದ್ದಾಗ ಕೊಟ್ಟ ರಾಜೀನಾಮೆ ಮಾತ್ರ ಕೊನೆಯದಾಯಿತು. ಮೂರು ತಿಂಗಳೊಳಗೆ ನಜೀರ್ ಸಾಬರೂ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇವತ್ತು ಅವರದೇ ಹೆಸರಿದೆ.

ಹೆಗಡೆ ಮತ್ತೆ ಮುಖ್ಯಮಂತ್ರಿ ಆಗಲಿಲ್ಲ. 1996ರಲ್ಲಿ ತಾನು ಕಟ್ಟಿ ಬೆಳೆಸಿದ ಜನತಾದಳವೇ ಅವರನ್ನು ಹೊರಗೆ ಹಾಕಿತು. ಲೋಕಶಕ್ತಿ ಪಕ್ಷ ಕಟ್ಟಿ ಬಿಜೆಪಿ ಜೊತೆ ಸೇರಿ 1998ರಲ್ಲಿ ವಾಜಪೇಯಿ ಸರಕಾರದ ವಾಣಿಜ್ಯ ಮಂತ್ರಿಯಾದರು. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಆ ದಾರಿ ಹಿಡಿಸಲಿಲ್ಲ. 2004ರ ಜನವರಿ 12ರಂದು ತಮ್ಮ 77ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮನುಷ್ಯನ ಗುಣದೋಷ ಎರಡನ್ನೂ ತೂಗಿ ನೋಡಬೇಕು. ದೊಡ್ಮನೆಯ ಹೆಗಡೆ, ಗುಂಡ್ಲುಪೇಟೆಯ ಸಾಬ್ ಇಬ್ಬರೂ ಸೇರಿ ಊರಿನವರಿಗೆ ಒಂದು ಕುರ್ಚಿ ಇಟ್ಟು ಹೋಗಿದ್ದಾರೆ. ಮುಂದಿನ ಸಲ ಗ್ರಾಮಸಭೆಯ ನೋಟಿಸ್ ಬಂದರೆ ಬದಿಗೆ ಇಡಬೇಡಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ನಿಮ್ಮ ಓಣಿಯ ಸಮಸ್ಯೆಯನ್ನು ಎದ್ದು ನಿಂತು ಹೇಳಿ.