ತವರಿನಲ್ಲಿ ಮತ್ತೆ ಹಾಡದ ಕರುಸೊ

ನಾನು ಇದೇ ಶಾಲೆಯಲ್ಲಿ ಓದಿ 2006ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆದೇನೆಂದು ಎಣಿಸಿದ್ದರೋ ಏನೋ. ಆದರೆ ನಾನು ಬರೆಯುತ್ತಿರುವುದು ನೂರು ವರ್ಷಗಳ ಹಿಂದೆ ತೀರಿಕೊಂಡ ಇಟಲಿಯ ಗಾಯಕ ಎನ್ರಿಕೊ ಕರುಸೊ ಬಗ್ಗೆ. ಅದಕ್ಕೊಂದು ಕಾರಣವಿದೆ.

ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವದಲ್ಲಿ ಭಾವಗೀತೆ ಹಾಡಲು ಕನ್ನಡ ಮೇಷ್ಟ್ರು ನನ್ನನ್ನು ಆರಿಸಿದ್ದರು. ಮೀಸೆ ಚಿಗುರುವ ವಯಸ್ಸು. ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆಯಿತು. ಮುಂದೆ ಜಮಖಾನೆಯ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅರ್ಧಕ್ಕೇ ಇಳಿದು ಬಂದೆ. ಅಂದಿನಿಂದ ಊರಿನಲ್ಲಿ ಯಾರ ಮುಂದೆಯೂ ಹಾಡಿಲ್ಲ.

ಕರುಸೊನ ಪರಿಚಯವಾದದ್ದು ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಪಾಳಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ. ಹಳೆಯ ರೆಕಾರ್ಡಿನ ಕರಕರ ಸದ್ದಿನ ನಡುವೆ ಕೇಳಿದ ಆ ಧ್ವನಿಯ ಭಾಷೆ ನನಗೆ ಗೊತ್ತಿರಲಿಲ್ಲ. ಆದರೂ ಮೈ ಜುಮ್ಮೆಂದಿತು. ಆಮೇಲೆ ಅವನ ಬದುಕಿನ ಕಥೆಯನ್ನು ಹುಡುಕಿ ಓದಿದೆ.

ಅವನು ಹುಟ್ಟಿದ್ದು 1873ರ ಫೆಬ್ರವರಿ 25ರಂದು, ನೇಪಲ್ಸ್ ಎಂಬ ಬಂದರು ನಗರದ ಬಡ ಕುಟುಂಬದಲ್ಲಿ. ತಂದೆ ಕಾರ್ಖಾನೆಯ ಕೆಲಸಗಾರ. ಚಿಕ್ಕಂದಿನಲ್ಲೇ ಅವನೂ ಕೆಲಸಕ್ಕೆ ಸೇರಬೇಕಾಯಿತು. ಚರ್ಚಿನಲ್ಲಿ ಹಾಡುತ್ತಿದ್ದ. ಹದಿನೈದನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಪಾಠ ಹೇಳಿದ ಗುರುವಿಗೂ ಮೊದಮೊದಲು ಆ ಧ್ವನಿ ದೊಡ್ಡದೆನಿಸಿರಲಿಲ್ಲ. ಸೈನ್ಯದ ಕಡ್ಡಾಯ ಸೇವೆಗೆ ಕರೆ ಬಂದಾಗ ಅವನ ಬದಲಿಗೆ ತಮ್ಮ ಜೊವಾನಿ ಹೋದ. ಹಾಗಾಗಿ ಸಂಗೀತ ಉಳಿಯಿತು.

ಅವನು ಹಾಡುತ್ತಿದ್ದುದು ಆಪೆರಾಗಳಲ್ಲಿ. ಆಪೆರಾ ಎಂದರೆ ನಮ್ಮ ಕಂಪನಿ ನಾಟಕದ ಹಾಗೆ ವೇಷ, ಪರದೆ, ಕಥೆ ಎಲ್ಲವೂ ಇರುವ ಪ್ರದರ್ಶನ. ಆದರೆ ಅಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಗಂಡಸರ ಏರುಧ್ವನಿಯಲ್ಲಿ ಹಾಡುವವನನ್ನು ಟೆನರ್ ಎನ್ನುತ್ತಾರೆ. ಆ ಕಾಲಕ್ಕೆ ಮೈಕ್ ಇರಲಿಲ್ಲ. ದೊಡ್ಡ ವಾದ್ಯವೃಂದದ ಸದ್ದನ್ನು ದಾಟಿ ಕೊನೆಯ ಸಾಲಿನವರೆಗೂ ಧ್ವನಿ ಮುಟ್ಟಬೇಕು. 1895ರಲ್ಲಿ ಕರುಸೊ ನೇಪಲ್ಸಿನಲ್ಲೇ ಮೊದಲ ಸಲ ರಂಗಕ್ಕೆ ಬಂದ. ಆರಂಭದ ವರ್ಷಗಳಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಅವನ ಗಂಟಲೂ ಒಡೆಯುತ್ತಿತ್ತು! ಇದನ್ನು ಓದಿದಾಗ ನನಗೆ ನಗು ಬಂತು, ಸಮಾಧಾನವೂ ಆಯಿತು.

ಮಿಲಾನ್ ನಗರದ ಲಾ ಸ್ಕಾಲಾ ಇಟಲಿಯ ಅತಿ ಹೆಸರಾಂತ ರಂಗಮಂದಿರ. 1900ರ ಡಿಸೆಂಬರ್ 26ರಂದು ಅಲ್ಲಿ ಅವನ ಮೊದಲ ಪ್ರದರ್ಶನ. ಮೈ ಹುಷಾರಿರಲಿಲ್ಲ, ಜನರ ಮೆಚ್ಚುಗೆ ಅಷ್ಟಕ್ಕಷ್ಟೆ. ಎರಡೇ ತಿಂಗಳಲ್ಲಿ, ದೊನಿಜೆಟ್ಟಿ ರಚಿಸಿದ 'ಲೆಲಿಸಿರ್ ದಾಮೋರೆ' ಆಪೆರಾದಲ್ಲಿ ಅದೇ ಜನರನ್ನು ಗೆದ್ದ. ಅಗ್ಗದ ಮದ್ಯವನ್ನೇ ಪ್ರೇಮದ ಮದ್ದೆಂದು ನಂಬಿ ಕುಡಿಯುವ ಮುಗ್ಧ ಹಳ್ಳಿ ಹುಡುಗನ ಪಾತ್ರ ಅದು.

ಅದೇ ವರ್ಷದ ಕೊನೆಯಲ್ಲಿ, ಅದೇ ಪಾತ್ರ ಹೊತ್ತು ಹುಟ್ಟೂರಿನ ಸಾನ್ ಕಾರ್ಲೊ ರಂಗಮಂದಿರಕ್ಕೆ ಬಂದ. ಊರಿನವರು ಎದೆಗಪ್ಪಿಕೊಳ್ಳುತ್ತಾರೆಂದು ಕಾದಿದ್ದವನಿಗೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಪತ್ರಿಕೆಯ ವಿಮರ್ಶೆಯಲ್ಲಿ ಕೊಂಕು. ಒಪ್ಪಿಕೊಂಡಿದ್ದ ಪ್ರದರ್ಶನಗಳನ್ನು ಮುಗಿಸಿ, ಇನ್ನು ನೇಪಲ್ಸಿನಲ್ಲಿ ಹಾಡುವುದಿಲ್ಲವೆಂದು ಶಪಥ ಮಾಡಿದ.

ಮುಂದಿನ ಕೆಲವೇ ತಿಂಗಳಲ್ಲಿ ಅವನ ಅದೃಷ್ಟ ಖುಲಾಯಿಸಿತು. 1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಅವನ ಹತ್ತು ಹಾಡುಗಳನ್ನು ಮುದ್ರಿಸಿಕೊಂಡ. ಸಂಭಾವನೆ 100 ಪೌಂಡ್. ಇದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನೂ ಮುದ್ರಿಸಿದ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು.

1903ರ ನವೆಂಬರ್ 23ರಂದು ಕರುಸೊ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ವೆರ್ದಿಯ 'ರಿಗೊಲೆಟ್ಟೊ' ಮೂಲಕ ಕಾಲಿಟ್ಟ. ಅಲ್ಲಿನ ವಿಮರ್ಶಕರೂ ಒಮ್ಮೆಲೇ ತಲೆದೂಗಲಿಲ್ಲ. ಧ್ವನಿ ಚೆನ್ನಾಗಿದೆ ಎಂದರು, ಹಾಡುವ ರೀತಿಯಲ್ಲಿ ತಪ್ಪು ಹುಡುಕಿದರು. ಗಿಡ್ಡ, ದಪ್ಪ ದೇಹದ ಇವನ ನಟನೆಯೂ ಕೆಲವರಿಗೆ ಹಿಡಿಸಲಿಲ್ಲ. ಆದರೆ ಇಲ್ಲಿ ಅವನು ಮುನಿಸಿಕೊಂಡು ಹೊರಟುಹೋಗಲಿಲ್ಲ. ಹದಿನೆಂಟು ಋತುಗಳಲ್ಲಿ 800ಕ್ಕೂ ಹೆಚ್ಚು ಸಲ ಅದೇ ಸಂಸ್ಥೆಗಾಗಿ ಹಾಡಿದ. 'ಪಾಲ್ಯಾಚ್ಚಿ'ಯಲ್ಲಿ ಎದೆಯೊಳಗೆ ಬೆಂಕಿ ಇಟ್ಟುಕೊಂಡು ಜನರನ್ನು ನಗಿಸಲು ಹೊರಡುವ ವಿದೂಷಕನ ಪಾತ್ರಕ್ಕೆ ಅವನ ಹೆಸರೇ ಅಂಟಿಕೊಂಡಿತು. 1909ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಧ್ವನಿ ಕ್ರಮೇಣ ಗಾಢವಾಗುತ್ತ ಹೋಯಿತು, ಅದಕ್ಕೆ ತಕ್ಕ ಗಂಭೀರ ಪಾತ್ರಗಳನ್ನು ಆರಿಸಿಕೊಂಡ. 1919ರಲ್ಲಿ 'ಲಾ ಜುವೀವ್' ಆಪೆರಾದಲ್ಲಿ ಮುದಿ ಯಹೂದಿ ಅಕ್ಕಸಾಲಿಗನಾಗಿ ನಿಂತಾಗ, ನಟನೆಯನ್ನು ಹಗುರವಾಗಿ ಕಂಡಿದ್ದವರೂ ಒಪ್ಪಿಕೊಂಡರು. ಆ ಪಾತ್ರವೇ ಅವನ ರಂಗಜೀವನದ ಶಿಖರ ಎಂಬ ಮಾತು ಇಂದಿಗೂ ಇದೆ. ಆ ಮೆಚ್ಚುಗೆಯ ಹಿಂದೆ ಹದಿನಾರು ವರ್ಷಗಳ ದುಡಿಮೆ ಇತ್ತು.

1920ರ ಡಿಸೆಂಬರ್ 11ರಂದು ಬ್ರೂಕ್ಲಿನ್‌ನಲ್ಲಿ ಅದೇ ಹಳ್ಳಿ ಹುಡುಗನ ಪಾತ್ರದಲ್ಲಿ ಹಾಡುತ್ತಿದ್ದಾಗ ಬಾಯಿಂದ ರಕ್ತ ಬಂತು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಲೇ ಮೊದಲ ಅಂಕ ಮುಗಿಸಿದ. ಮುಂದೆ ಆಟ ನಡೆಯಲಿಲ್ಲ. ಡಿಸೆಂಬರ್ 24ರಂದು 'ಲಾ ಜುವೀವ್'ನಲ್ಲಿ ಹಾಡಿದ್ದೇ ಕೊನೆ. ಶ್ವಾಸಕೋಶದ ಸುತ್ತ ಸೋಂಕು, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಸ್ವಲ್ಪ ಚೇತರಿಸಿಕೊಂಡು ಇಟಲಿಗೆ ಮರಳಿದವನು 1921ರ ಆಗಸ್ಟ್ 2ರಂದು ನೇಪಲ್ಸಿನಲ್ಲೇ ಪ್ರಾಣಬಿಟ್ಟ. ವಯಸ್ಸು 48. ಸಾನ್ ಫ್ರಾಂಚೆಸ್ಕೊ ದಿ ಪಾವ್ಲಾ ಚರ್ಚಿನಲ್ಲಿ ಅಂತ್ಯವಿಧಿ ನಡೆದಾಗ ಊರಿಗೆ ಊರೇ ಬೀದಿಗೆ ಬಂದಿತ್ತು. ಆ ಚರ್ಚಿನಿಂದ ಸಾನ್ ಕಾರ್ಲೊ ರಂಗಮಂದಿರಕ್ಕೆ ಕೆಲವೇ ನಿಮಿಷದ ದಾರಿ. ಶಪಥ ಮಾತ್ರ ಮುರಿದಿರಲಿಲ್ಲ.

ಅವನ ಛಲವನ್ನು ಮೆಚ್ಚಿ ಬರೆಯುವವರಿದ್ದಾರೆ. ನನಗೆ ಮಾತ್ರ ಸಂಕಟವಾಗುತ್ತದೆ. ಅಂದು ಕೊಂಕು ನುಡಿದವರು ಕೆಲವರು. ಆದರೆ ಇಪ್ಪತ್ತು ವರ್ಷ ಆ ಧ್ವನಿಯನ್ನು ತಮ್ಮೂರಿನ ರಂಗದ ಮೇಲೆ ಕೇಳದೆ ಹೋದವರು, ಬೀದಿಯಲ್ಲಿ ನಿಂತು ಅತ್ತ ಆ ಸಾವಿರಾರು ಜನ. ನ್ಯೂಯಾರ್ಕಿನ ವಿಮರ್ಶಕರಿಗೆ ಕೊಟ್ಟ ಎರಡನೇ ಅವಕಾಶವನ್ನು ಅವನು ತನ್ನೂರಿಗೆ ಕೊಡಲಿಲ್ಲ. ಊರಿನವರ ನಗು ಹೊರಗಿನವರ ಟೀಕೆಗಿಂತ ಆಳಕ್ಕೆ ಇಳಿಯುತ್ತದೆ, ನನಗೂ ಗೊತ್ತು.

ಅಂದು ನಕ್ಕವರಲ್ಲಿ ಹಲವರು ಇಂದು ಈ ಮಹೋತ್ಸವಕ್ಕಾಗಿ ಮನೆಮನೆ ತಿರುಗಿ ಚಂದಾ ಎತ್ತುತ್ತಿದ್ದಾರೆ. ಒಬ್ಬ ಮೊನ್ನೆ ಫೋನ್ ಮಾಡಿ, ಸಂಜೆಯ ಕಾರ್ಯಕ್ರಮಕ್ಕೆ ಹೆಸರು ಕೊಡುತ್ತೀಯಾ ಎಂದು ಕೇಳಿದ. ಆ ವಾರ್ಷಿಕೋತ್ಸವ ಅವನಿಗೆ ನೆನಪೇ ಇಲ್ಲ! ನಾನು ಹೆಸರು ಕೊಟ್ಟಿದ್ದೇನೆ. ಹಾಡು ಅದೇ. ಗಂಟಲು ಒಡೆದರೆ ಧಾರಾಳವಾಗಿ ನಗಿ. ಈ ಸಲ ಚರಣ ಮುಗಿಸಿಯೇ ಇಳಿಯುತ್ತೇನೆ.