ಜಾನ್ ಡಾಲ್ಟನ್

ಜಾನ್ ಡಾಲ್ಟನ್ (೬ ಸೆಪ್ಟೆಂಬರ್ ೧೭೬೬ – ೨೭ ಜುಲೈ ೧೮೪೪) ಇಂಗ್ಲೆಂಡಿನ ರಸಾಯನವಿಜ್ಞಾನಿ, ಭೌತವಿಜ್ಞಾನಿ, ಹವಾಮಾನ ವೀಕ್ಷಕ ಮತ್ತು ಶಿಕ್ಷಕ. ಆಧುನಿಕ ಪರಮಾಣು ಸಿದ್ಧಾಂತದ ಪ್ರವರ್ತಕನೆಂದು ಈತ ಪ್ರಸಿದ್ಧ. ಅನಿಲಗಳ ಆಂಶಿಕ ಒತ್ತಡದ ನಿಯಮ, ನೀರು ಆವಿಯಾಗುವ ಬಗೆಯನ್ನು ಕುರಿತ ಪ್ರಯೋಗಗಳು ಹಾಗೂ ವರ್ಣಾಂಧತೆಯ ಆರಂಭಿಕ ವೈಜ್ಞಾನಿಕ ವಿವರಣೆ ಈತನ ಇತರ ಮುಖ್ಯ ಕೊಡುಗೆಗಳು. ಪರಮಾಣುವಿನ ತೂಕವನ್ನು ಕುರಿತ ಈತನ ಚಿಂತನೆ ಮಳೆ, ಇಬ್ಬನಿ ಮತ್ತು ಗಾಳಿಯಲ್ಲಿನ ತೇವಾಂಶದ ಅಧ್ಯಯನದಿಂದ ಬೆಳೆದು ಬಂದಿತು.

ಬಾಲ್ಯ ಮತ್ತು ಶಿಕ್ಷಕ ವೃತ್ತಿ

ಕಂಬರ್ಲೆಂಡ್ ಪ್ರಾಂತದ ಕಾಕರ್‌ಮೌತ್ ಪಟ್ಟಣದ ಬಳಿಯ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಡಾಲ್ಟನ್ ಜನಿಸಿದ. ತಂದೆ ಜೋಸೆಫ್ ನೇಕಾರ. ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿತ್ತು. ಆ ಕಾಲದ ನಿಯಮಗಳಂತೆ ಕ್ವೇಕರರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆಯುವ ಅವಕಾಶವಿರಲಿಲ್ಲ. ಡಾಲ್ಟನ್ ಹಳ್ಳಿಯ ಕ್ವೇಕರ್ ಶಾಲೆಯಲ್ಲಿ ಕಲಿತ. ಎಲಿಹು ರಾಬಿನ್ಸನ್ ಎಂಬ ಹಿರಿಯರು ಗಣಿತ ಮತ್ತು ಹವಾಮಾನ ವೀಕ್ಷಣೆಯಲ್ಲಿ ಈತನಿಗೆ ಆಸಕ್ತಿ ಹುಟ್ಟಿಸಿದರು.

ಹನ್ನೆರಡನೆಯ ವಯಸ್ಸಿನಲ್ಲೇ ಡಾಲ್ಟನ್ ಊರಿನ ಮಕ್ಕಳಿಗೆ ಪಾಠ ಹೇಳತೊಡಗಿದ. ೧೭೮೧ರಲ್ಲಿ ಕೆಂಡಲ್ ಪಟ್ಟಣದ ಕ್ವೇಕರ್ ಶಾಲೆಯನ್ನು ಸೇರಿ, ೧೭೮೫ರಿಂದ ಅಣ್ಣ ಜೊನಾಥನ್‌ನೊಡನೆ ಅದನ್ನು ನಡೆಸಿದ. ಅಲ್ಲಿ ಪರಿಚಯವಾದ ಜಾನ್ ಗಾಫ್ ಅಂಧ ವಿದ್ವಾಂಸ. ಆತ ಡಾಲ್ಟನ್‌ನಿಗೆ ಭಾಷೆಗಳನ್ನೂ ಗಣಿತವನ್ನೂ ಕಲಿಸಿದ್ದಲ್ಲದೆ ಪ್ರತಿದಿನದ ಹವೆಯನ್ನು ಬರೆದಿಡುವಂತೆ ಪ್ರೇರೇಪಿಸಿದ. ೧೭೮೭ರ ಮಾರ್ಚ್ ೨೪ರಂದು ಆರಂಭವಾದ ಆ ದಿನಚರಿಯನ್ನು ಡಾಲ್ಟನ್ ೫೭ ವರ್ಷ ಮುಂದುವರಿಸಿದ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು.

೧೭೯೩ರಲ್ಲಿ ಮ್ಯಾಂಚೆಸ್ಟರಿನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕನಾದ. ೧೮೦೦ರಲ್ಲಿ ಆ ಹುದ್ದೆಯನ್ನು ಬಿಟ್ಟು, ಮುಂದೆ ಮನೆಪಾಠದಿಂದಲೇ ಜೀವನ ನಡೆಸಿದ. ೧೭೯೪ರಲ್ಲಿ ಮ್ಯಾಂಚೆಸ್ಟರ್ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಸದಸ್ಯನಾಗಿ, ತನ್ನದೇ ಕಣ್ಣಿನ ವರ್ಣಾಂಧತೆಯನ್ನು ಕುರಿತು ಮೊದಲ ಪ್ರಬಂಧವನ್ನು ಓದಿದ.

ಆವಿಯಾಗುವಿಕೆಯ ಪ್ರಯೋಗಗಳು

ಉಪ್ಪು ನೀರಿನಲ್ಲಿ ಕರಗುವಂತೆ ನೀರು ಗಾಳಿಯಲ್ಲಿ ಕರಗುತ್ತದೆ ಎಂಬುದು ಆ ಕಾಲದ ಅನೇಕ ವಿದ್ವಾಂಸರ ಅಭಿಪ್ರಾಯವಾಗಿತ್ತು. ಡಾಲ್ಟನ್‌ನಿಗೆ ಇದು ಒಪ್ಪಿಗೆಯಾಗಲಿಲ್ಲ. ಪಾದರಸದ ವಾಯುಭಾರಮಾಪಕದ ಕೊಳವೆಯ ಮೇಲ್ಭಾಗದಲ್ಲಿ ಗಾಳಿಯಿಲ್ಲದ ಬರಿದಾದ ಸ್ಥಳವಿರುತ್ತದೆ. ಅಲ್ಲಿಗೆ ಸ್ವಲ್ಪ ನೀರನ್ನು ಸೇರಿಸಿದರೆ ಅದು ಆವಿಯಾಗಿ ಪಾದರಸವನ್ನು ಕೆಳಕ್ಕೆ ಒತ್ತುತ್ತದೆ. ಹೀಗೆ ಬೇರೆ ಬೇರೆ ಉಷ್ಣತೆಗಳಲ್ಲಿ ಆವಿಯ ಒತ್ತಡವನ್ನು ಅಳೆದು ಡಾಲ್ಟನ್ ಒಂದು ಪಟ್ಟಿಯನ್ನು ಸಿದ್ಧಪಡಿಸಿದ. ಗಾಳಿ ತುಂಬಿದ ಸ್ಥಳದಲ್ಲೂ ಅದೇ ಉಷ್ಣತೆಗೆ ಆವಿಯ ಒತ್ತಡ ಅಷ್ಟೇ ಇರುತ್ತದೆ ಎಂದು ಕಂಡುಕೊಂಡ. ಗಾಳಿಯೇ ಇಲ್ಲದ ಕಡೆಯೂ ನೀರು ಆವಿಯಾಗುವುದಾದರೆ, ಆವಿ ಗಾಳಿಯಲ್ಲಿ ಕರಗಿದ ವಸ್ತುವಾಗಿರಲಾರದು. ಅದು ಗಾಳಿಯ ಕಣಗಳ ನಡುವೆ ಹರಡಿಕೊಂಡಿರುವ ಬೇರೊಂದು ಅನಿಲ.

ಗಾಳಿಯಲ್ಲಿ ಎಷ್ಟು ಆವಿಯಿದೆ ಎಂಬುದನ್ನು ತಿಳಿಯಲು ಈತ ಅನುಸರಿಸಿದ ಕ್ರಮ ಸರಳವಾದುದು. ಗಾಜಿನ ಪಾತ್ರೆಗೆ ತಣ್ಣೀರನ್ನು ತುಂಬಿ, ಹೊರಮೈಯಲ್ಲಿ ಹನಿ ಮೂಡುವುದು ಯಾವ ಉಷ್ಣತೆಯಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದ. ನೀರಿನ ಮೇಲ್ಮೈಯ ಉಷ್ಣತೆಗೆ ತಕ್ಕ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸ ಹೆಚ್ಚಿದಷ್ಟೂ ನೀರು ಬೇಗ ಆವಿಯಾಗುತ್ತದೆ. ಬೀಸುಗಾಳಿ ಇದ್ದರೆ ವೇಗ ಇನ್ನೂ ಹೆಚ್ಚುತ್ತದೆ. ೧೮೦೨ರಲ್ಲಿ ಪ್ರಕಟವಾದ ಈ ನಿಯಮವು ಕೆರೆ, ಜಲಾಶಯಗಳಿಂದ ಆವಿಯಾಗುವ ನೀರಿನ ಲೆಕ್ಕಾಚಾರಕ್ಕೆ ಇಂದಿಗೂ ಆಧಾರವಾಗಿದೆ. ಒದ್ದೆ ಬಟ್ಟೆ ಬೇಸಗೆಯಲ್ಲಿ ಬೇಗ ಒಣಗಿ ಮಳೆಗಾಲದಲ್ಲಿ ತಡವಾಗುವುದನ್ನೂ ಇದೇ ನಿಯಮ ವಿವರಿಸುತ್ತದೆ.

ಆವಿಯಿಂದ ಪರಮಾಣುವಿಗೆ

ಆವಿಯನ್ನು ಕುರಿತ ತೀರ್ಮಾನವನ್ನು ಡಾಲ್ಟನ್ ಎಲ್ಲ ಅನಿಲಗಳಿಗೂ ವಿಸ್ತರಿಸಿದ. ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತಾನೊಂದೇ ಇದ್ದಾಗ ಎಷ್ಟೋ ಅಷ್ಟೇ ಒತ್ತಡವನ್ನು ಉಂಟುಮಾಡುತ್ತದೆ. ಮಿಶ್ರಣದ ಒಟ್ಟು ಒತ್ತಡ ಇವೆಲ್ಲದರ ಮೊತ್ತ. ೧೮೦೧ರಲ್ಲಿ ಮಂಡಿಸಿದ ಈ ನಿಯಮ ಡಾಲ್ಟನ್‌ನ ಆಂಶಿಕ ಒತ್ತಡದ ನಿಯಮವೆಂದು ಹೆಸರಾಗಿದೆ.

ಇದರಿಂದ ಮತ್ತೊಂದು ಪ್ರಶ್ನೆ ಎದ್ದಿತು. ಒಂದೇ ಒತ್ತಡದಲ್ಲಿ ಕೆಲವು ಅನಿಲಗಳು ನೀರಿನಲ್ಲಿ ಹೆಚ್ಚಾಗಿಯೂ ಕೆಲವು ಕಡಿಮೆಯಾಗಿಯೂ ಸೇರಿಕೊಳ್ಳುವುದೇಕೆ? ಇದಕ್ಕೆ ಕಣಗಳ ತೂಕದಲ್ಲಿನ ವ್ಯತ್ಯಾಸ ಕಾರಣವಿರಬಹುದೆಂದು ಡಾಲ್ಟನ್ ಊಹಿಸಿದ. ಕಣಗಳ ಸಾಪೇಕ್ಷ ತೂಕವನ್ನು ಕಂಡುಹಿಡಿಯುವ ಪ್ರಯತ್ನ ಹೀಗೆ ಮೊದಲಾಯಿತು. ೧೮೦೩ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲ ಪಟ್ಟಿಯನ್ನು ಬರೆದ. ೧೮೦೮ರಲ್ಲಿ ಪ್ರಕಟವಾದ ರಾಸಾಯನಿಕ ತತ್ತ್ವಶಾಸ್ತ್ರದ ಹೊಸ ವ್ಯವಸ್ಥೆ ಎಂಬ ಗ್ರಂಥದ ಮೊದಲ ಭಾಗದಲ್ಲಿ ಸಿದ್ಧಾಂತ ಪೂರ್ಣರೂಪ ಪಡೆಯಿತು. ಒಂದೇ ಧಾತುವಿನ ಪರಮಾಣುಗಳೆಲ್ಲ ಸಮಾನ ತೂಕದವು, ಬೇರೆ ಧಾತುಗಳ ಪರಮಾಣುಗಳ ತೂಕ ಬೇರೆ, ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದೂ ಇಲ್ಲ ನಾಶವಾಗುವುದೂ ಇಲ್ಲ ಎಂಬುದು ಅದರ ಸಾರ.

ಅದೇ ಗ್ರಂಥದಲ್ಲಿ ದ್ರವ್ಯದ ಮೂರು ಸ್ಥಿತಿಗಳನ್ನು ವಿವರಿಸಲು ಡಾಲ್ಟನ್ ಹಬೆ, ನೀರು, ಮಂಜುಗಡ್ಡೆಗಳ ಉದಾಹರಣೆಯನ್ನೇ ಆರಿಸಿಕೊಂಡ. ಮೂರರಲ್ಲೂ ಕಣ ಒಂದೇ. ಬದಲಾಗುವುದು ಕಣಗಳ ನಡುವಿನ ಸಂಬಂಧ ಮಾತ್ರ. ಪರಮಾಣುಗಳನ್ನು ವೃತ್ತಾಕಾರದ ಚಿಹ್ನೆಗಳಿಂದ ಸೂಚಿಸುತ್ತಿದ್ದ ಈತ, ಪೀಟರ್ ಎವಾರ್ಟ್ ಎಂಬ ಎಂಜಿನಿಯರ್ ಮಾಡಿಕೊಟ್ಟ ಮರದ ಗುಂಡುಗಳನ್ನು ಪಾಠಕ್ಕೆ ಬಳಸುತ್ತಿದ್ದ.

ದೋಷಗಳು ಮತ್ತು ತಿದ್ದುಪಡಿ

ನೀರಿನ ಕಣದಲ್ಲಿ ಒಂದು ಜಲಜನಕ, ಒಂದು ಆಮ್ಲಜನಕ ಪರಮಾಣು ಇವೆಯೆಂದು ಡಾಲ್ಟನ್ ಭಾವಿಸಿದ್ದರಿಂದ ಆಮ್ಲಜನಕದ ತೂಕವನ್ನು ೭ ಎಂದು ಎಣಿಸಿದ. ಇಂದಿನ ಬೆಲೆ ಸುಮಾರು ೧೬. ಅನಿಲಗಳು ಸರಳ ಗಾತ್ರಾನುಪಾತದಲ್ಲಿ ಸಂಯೋಗವಾಗುತ್ತವೆಂದು ಗೇ-ಲುಸಾಕ್ ತೋರಿಸಿದಾಗ ಅದನ್ನು ಒಪ್ಪಲಿಲ್ಲ. ಅವೊಗಾಡ್ರೊ ೧೮೧೧ರಲ್ಲಿ ಸೂಚಿಸಿದ ಪರಿಹಾರವನ್ನು ೧೮೬೦ರ ಕಾರ್ಲ್ಸ್‌ರೂ ಸಮ್ಮೇಳನದಲ್ಲಿ ಕ್ಯಾನಿಜಾರೊ ಸಮರ್ಥಿಸಿದ ಮೇಲೆ ಈ ಗೊಂದಲ ಬಗೆಹರಿಯತೊಡಗಿತು.

ಎರಡನೆಯ ದೋಷ ಶಾಖವನ್ನು ಕುರಿತದ್ದು. ಪ್ರತಿಯೊಂದು ಕಣದ ಸುತ್ತಲೂ ಶಾಖವೆಂಬ ಸೂಕ್ಷ್ಮ ದ್ರವದ ಹೊದಿಕೆಯಿದ್ದು, ಅದರ ವಿಕರ್ಷಣೆಯಿಂದ ಅನಿಲದ ಕಣಗಳು ದೂರವಿರುತ್ತವೆಂದು ಈತ ನಂಬಿದ್ದ. ಕಣಗಳು ಸದಾ ಚಲಿಸುತ್ತಿರುತ್ತವೆಂಬ ಕಲ್ಪನೆ ಈತನ ಸಿದ್ಧಾಂತದಲ್ಲಿ ಇರಲಿಲ್ಲ. ವೇಗವಾಗಿ ಚಲಿಸುವ ಕಣಗಳು ಮೇಲ್ಮೈಯಿಂದ ತಪ್ಪಿಸಿಕೊಂಡು ಹೋಗುವುದರಿಂದಲೇ ನೀರು ಕುದಿಯದೆಯೂ ಆವಿಯಾಗುತ್ತದೆ, ಉಳಿದ ನೀರು ತಂಪಾಗುತ್ತದೆ ಎಂಬ ವಿವರಣೆ ನಂತರದ್ದು. ಶಾಖ ದ್ರವವಲ್ಲ, ಶಕ್ತಿಯ ಒಂದು ರೂಪ ಎಂಬುದನ್ನು ಸ್ಥಾಪಿಸಿದವರಲ್ಲಿ ಪ್ರಮುಖನಾದ ಜೇಮ್ಸ್ ಜೂಲ್ ಬಾಲ್ಯದಲ್ಲಿ ಡಾಲ್ಟನ್‌ನ ಬಳಿಯೇ ಗಣಿತದ ಪಾಠ ಕಲಿತಿದ್ದ. ಗುರುವಿನ ತಪ್ಪು ಹೀಗೆ ಶಿಷ್ಯನಿಂದ ತಿದ್ದಲ್ಪಟ್ಟಿತು.

ಕೊನೆಯ ದಿನಗಳು

ಡಾಲ್ಟನ್ ಅವಿವಾಹಿತನಾಗಿ ಸರಳ ಜೀವನ ನಡೆಸಿದ. ೧೮೨೨ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ೧೮೨೬ರಲ್ಲಿ ಅದರ ರಾಯಲ್ ಪದಕ ದೊರೆಯಿತು. ಯುವಕನಾಗಿದ್ದಾಗ ಪ್ರವೇಶವಿಲ್ಲದಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ೧೮೩೨ರಲ್ಲಿ ಗೌರವ ಪದವಿ ನೀಡಿತು. ೧೮೩೭ರಲ್ಲಿ ಪಾರ್ಶ್ವವಾಯು ತಗಲಿತು. ಸಾಯುವ ಹಿಂದಿನ ದಿನವೂ ನಡುಗುವ ಕೈಯಿಂದ ಹವಾಮಾನದ ದಾಖಲೆಯನ್ನು ಬರೆದಿದ್ದ. ಮ್ಯಾಂಚೆಸ್ಟರಿನ ಪುರಭವನದಲ್ಲಿ ಸುಮಾರು ೪೦,೦೦೦ ಜನ ಈತನ ಅಂತಿಮ ದರ್ಶನ ಪಡೆದರು. ಈತನ ಇಚ್ಛೆಯಂತೆ ಕಾಪಿಟ್ಟಿದ್ದ ಕಣ್ಣಿನ ಡಿಎನ್‌ಎಯನ್ನು ೧೯೯೫ರಲ್ಲಿ ಪರೀಕ್ಷಿಸಿದಾಗ ಹಸಿರು ಬಣ್ಣವನ್ನು ಗ್ರಹಿಸುವ ವರ್ಣದ್ರವ್ಯದ ಕೊರತೆಯಿದ್ದುದು ಖಚಿತವಾಯಿತು. ಬರಹಗಳಲ್ಲಿ ಬಹುಪಾಲು ೧೯೪೦ರ ಬಾಂಬ್ ದಾಳಿಯಲ್ಲಿ ನಾಶವಾದವು.

ಬೋಧನೆಯಲ್ಲಿ ಮಹತ್ವ

ಗಾಳಿಯು ತೇವವನ್ನು ಹೀರಿಕೊಳ್ಳುತ್ತದೆ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಡಾಲ್ಟನ್ ಎರಡು ಶತಮಾನಗಳ ಹಿಂದೆಯೇ ಅಲ್ಲಗಳೆದ ಕಲ್ಪನೆ ಇದು. ಆವಿಯಾದ ನೀರು ಕಾಣದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದರ ಕಣಗಳು ಹಾಗೆಯೇ ಉಳಿದು ಚದುರಿರುತ್ತವೆ, ತಣ್ಣನೆಯ ಲೋಟದ ಹೊರಮೈಯಲ್ಲಿ ಮತ್ತೆ ಹನಿಗಳಾಗಿ ಮೂಡುತ್ತವೆ. ಶಾಲೆಗಳಲ್ಲಿ ದ್ರವ್ಯದ ಸ್ಥಿತಿಗಳನ್ನು ಬೋಧಿಸುವಾಗ ತಣ್ಣೀರಿನ ಲೋಟ, ಉಷ್ಣತಾಮಾಪಕಗಳಷ್ಟೇ ಇದ್ದರೂ ಡಾಲ್ಟನ್‌ನ ಈ ಪ್ರಯೋಗವನ್ನು ಮಾಡಿ ತೋರಿಸಬಹುದು.